ಅಟ್ಟದ ಮೇಲಿನ ಅರಿಶಿನದ ದಾರ

ಕಂಚಿನ ಗಂಗಾಳವನ್ನು ಐದು ಬೆರಳ ತುದಿಯ ಮೇಲೆ ನಿಲ್ಲಿಸಿಕೊಂಡು ಇನ್ನೊಂದು ಕೈಯ ಗಿಣ್ಣಿನಿಂದ ಅಂಚಿಗೆ ಮೆಲ್ಲಗೆ ತಟ್ಟಿದರೆ ಬರುವ ಸದ್ದು ತಟ್ಟಿದ ಕೂಡಲೇ ಮುಗಿಯುವುದಿಲ್ಲ. ಮೊದಲು ದೊಡ್ಡದಾಗಿ ಎದ್ದು ಬರುತ್ತದೆ, ಆಮೇಲೆ ಸಣ್ಣಗಾಗುತ್ತ ದೂರ ಹೋಗುತ್ತದೆ, ನಿಂತೇಹೋಯಿತು ಅಂದುಕೊಂಡ ಮೇಲೂ ಬೆರಳಿಗೆ ಅದರ ನಡುಕ ತಾಗುತ್ತಲೇ ಇರುತ್ತದೆ. ಗಂಗಾಳ ಅಂದರೆ ಈಗಿನ ಮಕ್ಕಳಿಗೆ ಗೊತ್ತಿಲ್ಲ. ನಾವು ಉಣ್ಣುತ್ತಿದ್ದ ಅಗಲ ತಟ್ಟೆ ಅದು. ಮೊನ್ನೆ ಯಾರದೋ ಮದುವೆಗೆ ಕಡೂರಿಗೆ ಹೋದವಳು ಬಸ್ಸು ಕಾಯುತ್ತ ಹಳೇ ಸಾಮಾನು ಮಾರುವ ಅಂಗಡಿಯ ಮುಂದೆ ನಿಂತಿದ್ದೆ. ಗುಡ್ಡೆ ಹಾಕಿದ್ದ ಹಿತ್ತಾಳೆ ತಾಮ್ರದ ನಡುವೆ ಅಂಥದೊಂದು ಗಂಗಾಳ ಕಂಡಿತು. ಕೈ ಸುಮ್ಮನಿರಲಿಲ್ಲ, ಎತ್ತಿಕೊಂಡು ತಟ್ಟಿದೆ. ಅಂಗಡಿಯ ಹುಡುಗ ಓಡಿಬಂದು, "ತಗೊಳ್ಳಿ ಅಜ್ಜಿ, ಆಂಟಿಕ್ ಪೀಸು, ಗೋಡೆಗೆ ಹಾಕಿದ್ರೆ ಚೆನ್ನಾಗಿ ಕಾಣ್ತದೆ" ಅಂದ. ನಾವು ಉಂಡ ತಟ್ಟೆ ಈಗ ಗೋಡೆಗೆ ಮೊಳೆ ಹೊಡೆದು ನೇತುಹಾಕುವ ಪದಾರ್ಥವಾಗಿದೆ, ನೋಡಿ. ಗಂಗಾಳದ ಹಿಂಬದಿಗೆ ಹೆಸರು ಕೊರೆದಿರುತ್ತಾರೆ. ತಿರುಗಿಸಿ ನೋಡಲು ನನಗೆ ಧೈರ್ಯ ಬರಲಿಲ್ಲ. ಇದ್ದ ಹಾಗೇ ಇಟ್ಟು ಬಸ್ಸು ಹತ್ತಿದೆ. ತರೀಕೆರೆ ಬರುವವರೆಗೂ ಆ ಸದ್ದು ನನ್ನ ಕೈಬೆರಳಲ್ಲೇ ಇತ್ತು.

ನಮ್ಮೂರಿನಿಂದ ಅಜ್ಜಂಪುರ, ನಸುಕಿಗೆ ಗಾಡಿ ಕಟ್ಟಿದರೆ, ಬೆಳಗಿನ ಬಿಸಿಲು ಏರುವಷ್ಟರಲ್ಲಿ ತಲುಪುವಷ್ಟು ದೂರ. ನಾನು ಚಿಕ್ಕವಳಿದ್ದಾಗ, ಅಂದರೆ ಸ್ವಾತಂತ್ರ್ಯ ಬಂದು ಇನ್ನೂ ಹತ್ತು ವರ್ಷ ತುಂಬದ ಕಾಲದಲ್ಲಿ, ಅಜ್ಜಂಪುರದ ಪೇಟೆ ಬೀದಿಗಿಂತ ದೊಡ್ಡ ಲೋಕ ಇನ್ನೊಂದಿದೆ ಅಂತ ನನಗೆ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಸ್ಟೇಷನ್ ಕಡೆಯಿಂದ ಬೀದಿ ಹೊಕ್ಕರೆ ಮೊದಲು ಹಗ್ಗದ ಅಂಗಡಿ, ಅದರ ಕತ್ತದ ವಾಸನೆ. ಆಮೇಲೆ ಲಾಟೀನು, ಬುಡ್ಡಿ, ಗಾಜಿನ ಚಿಮಣಿ ಮಾರುವವರ ಅಂಗಡಿ. ಚಿಮಣಿಗಳನ್ನು ಹುಲ್ಲಿನಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿ ತರಿಸುತ್ತಿದ್ದರು. ಆ ಹುಲ್ಲು ನಮ್ಮ ಹೊಲದ ಹುಲ್ಲಿನ ಹಾಗಿರುತ್ತಿರಲಿಲ್ಲ, ಎಲ್ಲಿಯದೋ ಸಮುದ್ರದಾಚೆಯ ವಾಸನೆ ಅದಕ್ಕೆ ಅಂತ ನಾನು ಮೂಸಿ ಮೂಸಿ ನೋಡುತ್ತಿದ್ದೆ. ಅದರ ಪಕ್ಕ ಪಿಂಗಾಣಿ ಬಸಿ, ಬಳೆ, ಕನ್ನಡಿ. ಬೀದಿ ತಿರುಗುವ ಮೂಲೆಯಲ್ಲಿ, ಎರಡು ಕಲ್ಲು ಮೆಟ್ಟಿಲು ಏರಿದರೆ, ರುದ್ರಣ್ಣನ ಪಾತ್ರೆ ಅಂಗಡಿ. ಬಾಗಿಲ ಹೊರಗೆ ಬಿಂದಿಗೆಗಳನ್ನು ಒಂದರ ಮೇಲೊಂದು ಪೇರಿಸಿ ನಿಲ್ಲಿಸಿರುತ್ತಿದ್ದರು, ಬೆಳಗಿನ ಬಿಸಿಲು ಅವುಗಳ ಮೇಲೆ ಬಿದ್ದು ಎದುರು ಗೋಡೆಯಲ್ಲಿ ಕುಣಿಯುತ್ತಿತ್ತು. ಒಳಗೆ ಕತ್ತಲು, ತಂಪು, ಹುಣಸೆಹಣ್ಣಿನ ಹುಳಿ ವಾಸನೆ. ಸಂತೆಯ ಹಿಂದಿನ ದಿನ ಆಳುಗಳು ಹುಣಸೆಹಣ್ಣು ಹಚ್ಚಿ ಪಾತ್ರೆ ಉಜ್ಜುತ್ತಿದ್ದರಲ್ಲ, ಅದು.

ಆ ಅಂಗಡಿ ಇಟ್ಟವನು ರುದ್ರಣ್ಣನ ತಾತ, ರೈಲು ಬಂದ ಹೊಸದರಲ್ಲಿ. ಆ ಕಾಲದ ಸರಕು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿತ್ತು. ಗಲ್ಲಾದ ಹಿಂದಿನ ಗೋಡೆಯಲ್ಲಿ ಒಂದು ತಗಡಿನ ಹರಿವಾಣ ತೂಗುತ್ತಿತ್ತು, ಅದರ ನಡುವೆ ತಲೆಗೆ ಸೆರಗು ಹೊದ್ದ ದಪ್ಪ ಕೆನ್ನೆಯ ಬಿಳಿ ಹೆಂಗಸಿನ ಚಿತ್ರ. ಅವ್ವ ಒಂದು ಸಲ "ಅದ್ಯಾರಣ್ಣ, ಗಂಡನ ಕಳ್ಕೊಂಡೋಳ ಹಂಗೆ ಕಾಣ್ತಾಳೆ" ಅಂತ ಕೇಳಿದಳು. "ಯಾರೋ ವಿಕ್ಟೋರಿಯಾ ರಾಣಿಯಂತೆ ಕಣವ್ವ. ನಮ್ಮ ತಾತ ತರಿಸಿದ್ದು. ಮಕ ಇರೋ ತಟ್ಟೇಲಿ ಯಾರು ಉಣ್ತಾರೆ, ಅದಕ್ಕೆ ಮಾರ್ಲೇ ಇಲ್ಲ" ಅಂದ ರುದ್ರಣ್ಣ. ಅವ್ವ ಬಹಳ ಹೊತ್ತು ಆ ರಾಣಿಯನ್ನೇ ನೋಡಿ, "ಪಾಪ, ಎಷ್ಟು ವರ್ಸದಿಂದ ಗೋಡೆಗೆ ತೂಗ್ತಾ ಅವ್ಳೆ" ಅಂದಿದ್ದಳು.

ಅವ್ವನಿಗೆ ತವರಿರಲಿಲ್ಲ. ಅವಳು ಪಂಚನಹಳ್ಳಿಯ ಹುಡುಗಿ. ಹೆತ್ತವರು ಅವಳಿಗೆ ಬುದ್ಧಿ ಬರುವ ಮೊದಲೇ ಹೋಗಿದ್ದರು, ಒಡಹುಟ್ಟಿದವರು ಯಾರೂ ಇಲ್ಲ. ಸಾಕಿದ ಚಿಕ್ಕಪ್ಪ ಮದುವೆ ಮಾಡಿ, ಜೊತೆಗೊಂದು ಎಮ್ಮೆ ಕೊಟ್ಟು ಕಳಿಸಿ, ಕೈ ತೊಳೆದುಕೊಂಡಿದ್ದ. ಗೌರಿ ಹಬ್ಬಕ್ಕೆ ಓರಗಿತ್ತಿಯರಿಗೆಲ್ಲ ತವರಿನಿಂದ ಅರಿಶಿನ, ಕುಂಕುಮ, ಕುಪ್ಪಸದ ಕಣ ಬರುತ್ತಿದ್ದರೆ ಅವ್ವ ಕೊಟ್ಟಿಗೆಯಲ್ಲಿ ಏನೋ ಕೆಲಸ ಮಾಡಿಕೊಂಡು ಕೂರುತ್ತಿದ್ದಳಂತೆ. ನನಗೆ ಮೂರೋ ನಾಲ್ಕೋ ವರ್ಷ ಇದ್ದಾಗ ಮೊದಲ ಸಲ ಒಂದು ಚೊಂಬು ಕೊಳ್ಳಲು ಆ ಅಂಗಡಿಯ ಮೆಟ್ಟಿಲು ಹತ್ತಿದಳು. "ಯಾವೂರ ಹೆಣ್ಣವ್ವ ನೀನು?" ಅಂತ ರುದ್ರಣ್ಣ ಕೇಳಿದ, ಇವಳು ಪಂಚನಹಳ್ಳಿ ಅಂದಳು. "ನಮ್ಮ ತಾತನೂ ಅಲ್ಲಿಂದ್ಲೇ ಬಂದೋನು. ಹಂಗಾದ್ರೆ ನಾನು ನಿಂಗೆ ಅಣ್ಣ ಆಗ್ಬೇಕು ಕಣವ್ವ" ಅಂದುಬಿಟ್ಟ. ವ್ಯಾಪಾರಸ್ಥರು ಆಡುವ ಸಿಹಿಮಾತು ಅಂದುಕೊಳ್ಳಬಹುದಿತ್ತು. ಆದರೆ ಆ ವರ್ಷದ ಗೌರಿ ಹಬ್ಬದ ಹಿಂದಿನ ದಿನ ಸೈಕಲ್ಲು ತುಳಿದುಕೊಂಡು ನಮ್ಮ ಮನೆಗೆ ಬಂದೇಬಿಟ್ಟ, ಅರಿಶಿನ ಕುಂಕುಮ ಕಣ ಹಿಡಿದುಕೊಂಡು. ಅವ್ವ ಅವತ್ತು ಅತ್ತದ್ದನ್ನು ಓರಗಿತ್ತಿಯರು ಬಹಳ ವರ್ಷ ಆಡಿಕೊಂಡರು.

ನಮ್ಮ ಮನೆಯಲ್ಲಿ ಬಂದವರನ್ನು ಎಲ್ಲಿ ಕೂರಿಸಿ ಬಡಿಸಬೇಕು ಅನ್ನುವುದಕ್ಕೆ ಒಂದು ಕಟ್ಟು ಇತ್ತು. ಹೊರಗಿನವರಿಗೆ, ವ್ಯಾಪಾರ ವಹಿವಾಟಿಗೆ ಬಂದವರಿಗೆ ಜಗಲಿ. ನೆಂಟರಿಗೆ ಪಡಸಾಲೆ. ಅಡುಗೆಮನೆಯ ಒಳಗೆ ಬಂದು ಒಲೆಯ ಮುಂದೆ ಮಣೆ ಹಾಕಿಕೊಂಡು ಕೂರುವ ಹಕ್ಕು ಹೆಣ್ಣುಮಕ್ಕಳ ತವರಿನ ಗಂಡಸರಿಗೆ ಮಾತ್ರ. ತಂಗಿ ರೊಟ್ಟಿ ತಟ್ಟುತ್ತ ತಟ್ಟುತ್ತ ಅಣ್ಣನ ತಟ್ಟೆಗೆ ಬಿಸಿಬಿಸಿಯಾಗಿ ಹಾಕಬೇಕು, ಅವನು ಊರಿನ ಸುದ್ದಿ ಹೇಳಬೇಕು. ರುದ್ರಣ್ಣ ವರ್ಷಕ್ಕೊಂದು ಸಲ ಬಂದು ಒಲೆಯ ಮುಂದೆ ಕೂರುತ್ತಿದ್ದ. ಅವ್ವನಿಗೆ ನೆನಪೇ ಇಲ್ಲದ ಪಂಚನಹಳ್ಳಿಯ ಸುದ್ದಿಯನ್ನು ಅವನು ಎಲ್ಲಿಂದಲೋ ಕೇಳಿ ತಿಳಿದುಕೊಂಡು ಬಂದು ಹೇಳುತ್ತಿದ್ದ. ಯಾರ ಬಾವಿಗೆ ನೀರು ಬಂತು, ಯಾರ ತೆಂಗಿಗೆ ಸಿಡಿಲು ಹೊಡೀತು. ಅವ್ವ ಎಲ್ಲ ಗೊತ್ತಿದ್ದವಳ ಹಾಗೆ "ಹೌದಾ ಅಣ್ಣ" ಅನ್ನುತ್ತಿದ್ದಳು. ನಾನು ಅವನನ್ನು ಅಂಗಡಿ ಮಾವ ಅನ್ನುತ್ತಿದ್ದೆ. ಮಾವನಿಲ್ಲದ ಮಕ್ಕಳಿಗೆ ಮಾವ ಸಿಕ್ಕರೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅವನು ಕೊಟ್ಟ ಪುಟ್ಟ ಹಿತ್ತಾಳೆ ಗಿಂಡಿಯನ್ನು ನಾನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದೆ.

ಈಗ ಅಟ್ಟದ ವಿಷಯಕ್ಕೆ ಬರುತ್ತೇನೆ. ಆ ಅಂಗಡಿಯ ಒಳಗೆ, ಹಿಂಬದಿಗೆ, ಏಣಿ ಹಾಕಿ ಹತ್ತುವ ಒಂದು ಅಟ್ಟವಿತ್ತು. ಅಲ್ಲಿದ್ದದ್ದು ಮಾರುವ ಸರಕಲ್ಲ. ಸುತ್ತಲಿನ ಹಳ್ಳಿಗಳ ಹೆಂಗಸರು ತಮ್ಮ ಹೆಣ್ಣುಮಕ್ಕಳ ಮದುವೆಗೆ ಅಂತ ವರ್ಷಕ್ಕೊಂದೋ ಎರಡೋ ಪಾತ್ರೆ ಆರಿಸಿ ಅಲ್ಲೇ ಬಿಟ್ಟು ಹೋಗುತ್ತಿದ್ದರು. ಮನೆಗೇಕೆ ಒಯ್ಯುತ್ತಿರಲಿಲ್ಲ ಅಂದರೆ, ಒಟ್ಟು ಮನೆಗಳು ಅವು. ಹೊಸಿಲು ದಾಟಿ ಒಳಗೆ ಬಂದ ಪಾತ್ರೆ ಎಲ್ಲರದು. ಇವತ್ತು ತಂದ ಬಿಂದಿಗೆ ನಾಳೆ ಬಾವಿಯ ಕಲ್ಲಿಗೆ ಬಡಿದು ನೆಗ್ಗುತ್ತದೆ, ನಾಡಿದ್ದು ಯಾರೋ ಕೇಳಿದರು ಅಂತ ಎರವಲು ಹೋಗುತ್ತದೆ. ಅದಕ್ಕೇ ಅಟ್ಟ. ಹೆಸರು ಕೊರೆಸುವುದು ಮದುವೆ ಗೊತ್ತಾದ ಮೇಲೆ, ಹುಡುಗಿಯ ಹೆಸರಿನ ಜೊತೆ ಗಂಡಿನ ಮನೆಯ ಹೆಸರೂ ಸೇರಬೇಕಲ್ಲ. ಅಲ್ಲಿಯತನಕ ಗುರುತಿಗೆ ಪಾತ್ರೆಯ ಕುತ್ತಿಗೆಗೆ ಅರಿಶಿನದ ದಾರ. ಒಬ್ಬೊಬ್ಬರ ದಾರಕ್ಕೆ ಒಂದೊಂದು ತರಹದ ಗಂಟು. ಅವ್ವನದು ಒತ್ತೊತ್ತಾಗಿ ಮೂರು ಗಂಟು, ತುದಿಗೊಂದು ಅರಿಶಿನದ ಕೊನೆ. ಯಾವ ಗಂಟು ಯಾರದು ಅನ್ನುವುದು ರುದ್ರಣ್ಣನ ತಲೆಯಲ್ಲೇ ಇತ್ತು. "ನಾನೇನು ಪಾತ್ರೆ ವ್ಯಾಪಾರಿ ಅಲ್ಲ ಕಣವ್ವ, ತಂಗೀರ ಗಂಟು ಕಾಯೋ ಕಾವಲುಗಾರ" ಅಂತ ನಗುತ್ತಿದ್ದ. ಇದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಗಂಡಸರಿಗೂ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇರುತ್ತಿದ್ದರು. ಅಷ್ಟರ ಮಟ್ಟಿಗೆ ಅವರಲ್ಲೂ ಮರ್ಯಾದೆ ಇತ್ತು ಅಂತ ನಾವು ತಿಳಿದಿದ್ದೆವು.

ತವರಿನಿಂದ ಬಂದ ಎಮ್ಮೆಯ ಬೆಣ್ಣೆ ಮಾತ್ರ ಸೊಸೆಯದು ಅನ್ನುವುದು ನಮ್ಮ ಕಡೆಯ ಪದ್ಧತಿ. ಅವ್ವ ಆ ಬೆಣ್ಣೆಯನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ಸಂತೆಗೆ ಒಯ್ದು ಅದರಿಂದಲೇ ನನಗೆ ಪಾತ್ರೆ ಕೂಡಿಸಿದಳು. ತಾಮ್ರದ ಬಿಂದಿಗೆ, ಹಿತ್ತಾಳೆ ಕೊಳಗ, ಎರಡು ಚೊಂಬು, ಹಾಲು ಕಾಯಿಸುವ ತಪ್ಪಲೆ. ಒಂದೊಂದನ್ನು ಆರಿಸುವುದಕ್ಕೂ ಅರ್ಧ ದಿನ. ಅವಳು ಪಾತ್ರೆಯನ್ನು ಕಣ್ಣಿಂದ ನೋಡುತ್ತಲೇ ಇರಲಿಲ್ಲ, ಕಿವಿಯಿಂದ ನೋಡುತ್ತಿದ್ದಳು. ಅದರಲ್ಲೂ ಗಂಗಾಳಕ್ಕೆ ಅವಳು ಪಟ್ಟ ಪಾಡು ಕೇಳಬೇಡಿ. ವರ್ಷಗಟ್ಟಲೆ ತಟ್ಟಿ ತಟ್ಟಿ ಕೆಳಗಿಟ್ಟಳು. ಒಂದು ಬೇಗ ನಿಲ್ಲುತ್ತದೆ, ಒಂದರದು ಒಡಕು ದನಿ, ಒಂದು ಬರೀ ಗದ್ದಲ. ರುದ್ರಣ್ಣ ಬೇಜಾರು ಮಾಡಿಕೊಳ್ಳದೆ ಪ್ರತಿ ಸಲ ಹೊಸ ಸರಕು ಬಿಚ್ಚಿ ತೋರಿಸುತ್ತಿದ್ದ. ಕಡೆಗೆ ಒಂದು ಸಂತೆಯ ದಿನ ಸಿಕ್ಕಿತು. ಅವ್ವ ತಟ್ಟಿದಳು, ಕಣ್ಣು ಮುಚ್ಚಿದಳು. ಅಂಗಡಿಯಲ್ಲಿದ್ದ ನಾವೆಲ್ಲ ಮಾತು ನಿಲ್ಲಿಸಿದೆವು. ಆ ನಾದ ಬೀದಿಯ ಗಾಡಿಗಳ ಸದ್ದಿನ ನಡುವೆಯೂ ಹೋಗಿಬಂದು ಹೋಗಿಬಂದು ಮಾಡಿತು. "ಇದು ಕಣೇ ನಿಂದು" ಅಂದಳು ಅವ್ವ. "ಈ ತಟ್ಟೇಲಿ ಉಣ್ಣೋ ಮನೇಲಿ ಒಬ್ರೂ ಏರುದನೀಲಿ ಮಾತಾಡಬಾರ್ದು, ಅಂಥಾ ಮನೆ ಸಿಗ್ಲಿ." ಗಂಗಾಳಕ್ಕೆ ಕುತ್ತಿಗೆ ಇಲ್ಲವಲ್ಲ, ಅಂಚಿನ ಸುತ್ತ ದಾರ ಸುತ್ತಿ ಮೂರು ಗಂಟನ್ನು ನಾನೇ ಹಾಕಿದೆ. ರುದ್ರಣ್ಣ ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎರಡು ಕೈಯಲ್ಲಿ ಹಿಡಿದು ಏಣಿ ಹತ್ತಿದ.

ನನಗೆ ಹನ್ನೊಂದೋ ಹನ್ನೆರಡೋ ಆದಾಗ ದೊಡ್ಡಪ್ಪನ ಮಗಳು ಗಿರಿಜಕ್ಕನ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಲಿಂಗದಹಳ್ಳಿಯವರು, ಅನುಕೂಲಸ್ಥರು. ದೊಡ್ಡಪ್ಪ ನಮ್ಮ ಮನೆಯ ಯಜಮಾನ. ಅವರ ಮಾತು ಅಂದರೆ ಮಾತು, ನಮ್ಮಪ್ಪನೂ ಸೇರಿ ಮನೆಯ ಗಂಡಸರೆಲ್ಲ ಅವರ ಮುಂದೆ ಹೆಗಲ ಮೇಲಿನ ಟವೆಲ್ಲು ತೆಗೆದು ನಿಲ್ಲುತ್ತಿದ್ದರು. ಮದುವೆಯ ಹಿಂದಿನ ಸಂಜೆ ಹೆಣ್ಣಿಗೆ ಕೊಡುವ ಬಳುವಳಿ ಪಾತ್ರೆಗಳನ್ನು ಚಪ್ಪರದಲ್ಲಿ ಚಾಪೆ ಹಾಸಿ ಹರವುತ್ತಾರೆ, ಬೀಗರ ಕಡೆಯ ಹೆಂಗಸರು ಬಂದು ಎತ್ತಿ ಇಳಿಸಿ ನೋಡುತ್ತಾರೆ. ಗಾಡಿಯಲ್ಲಿ ಅಜ್ಜಂಪುರದಿಂದ ಪಾತ್ರೆ ಬಂದು ಇಳಿದಾಗ ನಾನು ಹುಡುಗಿಯರ ಜೊತೆ ಅಲ್ಲೇ ನಿಂತಿದ್ದೆ. ಎಲ್ಲದರ ಮೇಲೂ ಗಿರಿಜಕ್ಕನ ಹೆಸರು, ಹೊಸದಾಗಿ ಕೊರೆದದ್ದು, ಕೊರೆದ ಚುಕ್ಕೆ ಇನ್ನೂ ಹೊಳೆಯುತ್ತಿತ್ತು. ತಾಮ್ರದ ಬಿಂದಿಗೆಯ ಕುತ್ತಿಗೆಯಲ್ಲಿ ಒಂದು ಹಳದಿ ಗೆರೆ. ವರ್ಷಾನುಗಟ್ಟಲೆ ದಾರ ಸುತ್ತಿದ್ದ ಜಾಗ ಅದು. ಉಜ್ಜಿದ್ದರು, ಪೂರ್ತಿ ಹೋಗಿರಲಿಲ್ಲ. ನಾನು ಬಗ್ಗಿ ಅದರ ಮೇಲೆ ಬೆರಳಾಡಿಸಿದೆ. ಅಷ್ಟರಲ್ಲಿ ಬೀಗರ ಕಡೆಯ ದಪ್ಪನೆಯ ಹೆಂಗಸೊಬ್ಬಳು ಗಂಗಾಳ ಎತ್ತಿ ತಟ್ಟಿದಳು.

ಅಡುಗೆಮನೆ ಅಲ್ಲಿಂದ ಎಷ್ಟೋ ದೂರ. ಒಳಗೆ ಮೂರು ಒಲೆ ಉರಿಯುತ್ತಿದ್ದವು, ಒರಳಲ್ಲಿ ಹೂರಣ ರುಬ್ಬುತ್ತಿದ್ದರು. ಆದರೂ ಅವ್ವ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಬಂದು ನಿಂತು ಆ ಸದ್ದು ನಿಲ್ಲುವವರೆಗೂ ಕೇಳಿದಳು. ಗಂಗಾಳ ಹಿಡಿದವಳು "ಆಹಾ, ಎಂಥಾ ಕಂಚು" ಅಂದಳು. ಪಕ್ಕದವಳು ಅದನ್ನು ಇಸಕೊಂಡು ಇನ್ನೊಂದು ಸಲ ತಟ್ಟಿದಳು. ನಾನು ಅವ್ವನ ಹತ್ತಿರ ಓಡಿ, ಸೆರಗು ಹಿಡಿದು, "ಅವ್ವ, ಅದು" ಅನ್ನುವಷ್ಟರಲ್ಲಿ ಅವಳು ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಅವಳ ಕೈಯಲ್ಲಿ ಬೆಲ್ಲದ ಪಾಕದ ವಾಸನೆ ಇತ್ತು. ಬೀಗರ ಮುಂದೆ, ಮದುವೆಯ ಚಪ್ಪರದಲ್ಲಿ, ಮನೆಯ ಮಗಳ ಬಳುವಳಿಯನ್ನು ಇದು ನನ್ನದು ಅನ್ನುವುದು ಹೇಗೆ? ಅನ್ನಲಿಲ್ಲ. ಒಳಗೆ ಹೋಗಿ ಹೋಳಿಗೆ ಬೇಯಿಸಿದಳು. ಮಾರನೆಯ ದಿನ ಗಿರಿಜಕ್ಕನಿಗೆ ಆರತಿ ಎತ್ತಿದಳು. ಗಿರಿಜಕ್ಕ ಅವಳನ್ನು ಅಪ್ಪಿಕೊಂಡು ಅತ್ತಾಗ ಇವಳೂ ಅತ್ತಳು. ಪಾಪ, ಅವಳಿಗೇನು ಗೊತ್ತಿತ್ತು. ಪಾತ್ರೆಗಳು ಲಿಂಗದಹಳ್ಳಿಯ ಗಾಡಿ ಹತ್ತಿ ಹೋದವು.

ನಮ್ಮ ಕಡೆ ತಮ್ಮನ ಹೆಂಡತಿ ಭಾವನ ಎದುರಿಗೆ ನಿಂತು ಮಾತಾಡುವ ಹಾಗಿಲ್ಲ. ಬಾಗಿಲ ಹಿಂದೆ ನಿಂತು ಮಗುವಿಗೆ ಹೇಳಬೇಕು, ಆ ಕಡೆಯವರೂ ಮಗುವಿಗೇ ಉತ್ತರ ಕೊಡಬೇಕು. ಚಪ್ಪರ ಬಿಚ್ಚಿದ ದಿನ ಅವ್ವ ಪಡಸಾಲೆಯ ಬಾಗಿಲ ಹಿಂದೆ ನಿಂತು, "ಪಾರಿ, ನಿಮ್ಮ ದೊಡ್ಡಪ್ಪಾರನ್ನ ಕೇಳು, ಆ ಪಾತ್ರೆ ಎಲ್ಲಿಂದ ತಂದ್ರು ಅಂತ" ಅಂದಳು. ನಾನು ಕೇಳುವ ಅಗತ್ಯವೇ ಇರಲಿಲ್ಲ. ದೊಡ್ಡಪ್ಪ ಎಲೆ ಅಡಿಕೆ ಮೆಲ್ಲುತ್ತ, ಸಿಟ್ಟಿಲ್ಲದೆ, ನಗುತ್ತಲೇ ಹೇಳಿದರು. "ನಿಮ್ಮವ್ವಂಗೆ ಹೇಳವ್ವ, ಅಂಗಡೀಲಿ ನಮ್ಮನೆ ಪಾತ್ರೆ ಇದ್ವು, ನಮ್ಮನೆ ಮಗಳಿಗೆ ಕೊಟ್ವಿ. ಇದ್ರಲ್ಲಿ ಬ್ಯಾರೆ ಏನಿದೆ? ನಿನ್ ಮದ್ವೆಗೆ ಇದ್ರಪ್ಪನಂಥವು ಮಾಡಿಸ್ತೀನಿ." ಅಪ್ಪ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಅವ್ವ ಬಾಗಿಲ ಸಂದಿಯಿಂದ ಅವರ ಮುಖವನ್ನೇ ನೋಡಿದಳು. ಅಪ್ಪ ರಾತ್ರಿ ಉಣ್ಣುವಾಗ ಬಾಯಿ ಬಿಟ್ಟರು. "ಹೋಗ್ಲಿ ಬಿಡು" ಅಂದರು. ನಮ್ಮಪ್ಪ ಜೀವಮಾನದಲ್ಲಿ ಆಡಿದ ದೊಡ್ಡ ಮಾತು ಅದೇ. ಹೊಲದ ಬದು ಹೋದಾಗಲೂ ಹೋಗ್ಲಿ ಬಿಡು, ಹೆಂಡತಿಯ ಕರುಳು ಹೋದಾಗಲೂ ಹೋಗ್ಲಿ ಬಿಡು. ಒಳ್ಳೆಯ ಮನುಷ್ಯ ಅಂತ ಊರೆಲ್ಲ ಹೊಗಳುತ್ತಿತ್ತು. ಇಂಥ ಒಳ್ಳೆಯತನಕ್ಕೆ ಬೆಂಕಿ ಹಾಕ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಅವ್ವನಿಗೆ ದೊಡ್ಡಪ್ಪನ ಮೇಲೆ ಅಷ್ಟು ಸಿಟ್ಟಿರಲಿಲ್ಲ. "ಅವರು ಕೇಳೋರೇಯ, ಕೇಳಿದ್ರು. ಕೊಟ್ಟೋನು ಯಾರು?" ಅನ್ನುತ್ತಿದ್ದಳು, ಒಬ್ಬಳೇ ಪಾತ್ರೆ ತಿಕ್ಕುವಾಗ. ಮುಂದಿನ ಸಂತೆಗೆ ಎಂದಿನಂತೆ ಬೆಣ್ಣೆ ಕಟ್ಟಿಕೊಂಡು ನನ್ನನ್ನೂ ಕರೆದುಕೊಂಡು ಹೊರಟಳು. ದಾರಿಯುದ್ದಕ್ಕೂ ಏನೋ ತಪ್ಪಾಗಿರಬೇಕು, ಆ ಗಂಗಾಳದಂಥದೇ ಇನ್ನೊಂದಿರಬೇಕು, ನಮ್ಮದು ಅಟ್ಟದ ಮೇಲೇ ಇರಬೇಕು ಅಂತ ನನಗೆ ಆಸೆ. ಅವಳಿಗೂ ಇತ್ತೇನೋ. ಅಂಗಡಿಯ ಮೆಟ್ಟಿಲು ಹತ್ತಿದವಳು ಯಾವಾಗಲೂ ಕೂರುವ ಜಾಗದಲ್ಲಿ ಕೂರದೆ ನಿಂತೇ ಹೇಳಿದಳು. "ರುದ್ರಣ್ಣ, ನನ್ನ ಪಾತ್ರೆ ಇಳಿಸು, ಒಂದ್ಸಲ ನೋಡ್ತೀನಿ."

ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಅದನ್ನೇ ನಾನು ಇವತ್ತಿಗೂ ಮರೆಯಲಾರೆ. ನಿಜವಾಗಿಯೂ ಆಶ್ಚರ್ಯಪಟ್ಟ. "ಅವು ಯಜಮಾನ್ರು ತಗೊಂಡೋದ್ರಲ್ಲವ್ವ, ಮದ್ವೆಗೆ. ನಿಂಗೆ ಮನೇಲಿ ಹೇಳಿರ್ತಾರೆ ಅಂತಿದ್ದೆ" ಅಂದ.

"ನನ್ನ ಕೇಳಿದ್ಯಾ ನೀನು?"

"ಮನೆ ಹಿರೇರು ಬಂದು, ನಮ್ಮನೆ ಪಾತ್ರೆ ಇಳಿಸಪ್ಪಾ ಅಂದ್ರು. ಇಲ್ಲ ಅನ್ನಕಾಯ್ತದಾ? ಒಂದೇ ಮನೆ ಅಲ್ವೇನವ್ವ? ನಾನು ಕೊಡಲ್ಲ ಅಂದಿದ್ರೆ ನಿಂಗೇ ಕೆಟ್ಟ ಹೆಸರು. ಹೆಂಗಸು ಗುಟ್ಟಾಗಿ ಗಂಟು ಮಾಡವ್ಳೆ ಅಂತಿದ್ರು. ನಿನ್ನ ಮಾನ ಉಳಿಸೋಣ ಅಂತಲೇ ಕೊಟ್ಟೆ ಕಣವ್ವ."

ಹೀಗೆ ಹೇಳಿ ಅವನು ಎದ್ದು ಹೋಗಿ ಕಪಾಟಿನಿಂದ ಒಂದು ಹೊಸ ಚೊಂಬು ತಂದ. ಸ್ಟೀಲಿನದು, ಆಗ ತಾನೇ ಬರತೊಡಗಿತ್ತು, ಕನ್ನಡಿಯ ಹಾಗೆ ಮುಖ ಕಾಣುತ್ತಿತ್ತು. "ಇದು ಪಾರಿಗೆ, ಮಾವನ ಕಡೆಯಿಂದ. ಬ್ಯಾಸರ ಮಾಡ್ಕೋಬ್ಯಾಡ" ಅಂದ. ಅವ್ವ ಅದನ್ನು ತೆಗೆದುಕೊಳ್ಳಲೂ ಇಲ್ಲ, ತಳ್ಳಲೂ ಇಲ್ಲ. ಅಟ್ಟದ ಖಾಲಿ ಮೂಲೆಯ ಕಡೆಗೆ ಕತ್ತೆತ್ತಿ ನೋಡಿದಳು. "ಗಂಡನ ಮನೆಯೋರು ಬಂದು ತಂಗಿ ಗಂಟು ಕೇಳಿದ್ರೆ, ಅಣ್ಣ ಆದೋನು ತಂಗೀನ ಒಂದು ಮಾತು ಕೇಳ್ತಾನೆ" ಅಂದಳು, ಅಷ್ಟೆ. ಅವನು ಏನೋ ಹೇಳುತ್ತಲೇ ಇದ್ದ, ನಾವು ಇಳಿದು ಬಂದೆವು. ಬೆಣ್ಣೆಯ ಎಲೆಗಂಟನ್ನು ಬಿಚ್ಚಲೇ ಇಲ್ಲ. ಗಾಡಿಯಲ್ಲಿ ಬಿಸಿಲಿಗೆ ಕರಗಿ ಅವಳ ಸೀರೆಗೆಲ್ಲ ಸೋರಿತು, ಅದನ್ನು ಒರೆಸಿಕೊಳ್ಳಲಿಲ್ಲ ಅವಳು. ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದರು ಅನ್ನುವ ಗಾದೆಯನ್ನು ಮುಂದೆ ಶಾಲೆಯಲ್ಲಿ ಮೇಷ್ಟರು ವಿವರಿಸಿದಾಗ ನನಗೆ ವಿವರಣೆ ಬೇಕಾಗಿರಲಿಲ್ಲ.

ಅವ್ವ ಈ ವಿಷಯ ಯಾರ ಹತ್ತಿರವೂ ಆಡಲಿಲ್ಲ. ಆದರೆ ಚಪ್ಪರದಲ್ಲಿ ಪಾತ್ರೆ ನೋಡಿದವರಿಗೆ ಕಣ್ಣಿತ್ತು, ಹಳದಿ ಗೆರೆ ನಾನೊಬ್ಬಳೇ ಕಂಡದ್ದಲ್ಲ. ಮುಂದಿನ ಸಂತೆಗಳಲ್ಲಿ ಒಬ್ಬೊಬ್ಬಳೇ ಹೆಂಗಸು ಆ ಮೆಟ್ಟಿಲು ಹತ್ತಿ ತನ್ನ ಪಾತ್ರೆ ಇಳಿಸಿಕೊಂಡು ಹೋದಳಂತೆ. ಜಗಳವಿಲ್ಲ, ಮಾತಿಲ್ಲ. ಒಬ್ಬಳು ಮಗಳ ಮದುವೆ ಹತ್ತಿರ ಬಂತು ಅಂದಳಂತೆ, ಅವಳ ಮಗಳಿಗಿನ್ನೂ ಹಾಲುಹಲ್ಲು. ಇನ್ನೊಬ್ಬಳು ಸುಮ್ಮನೆ ನೋಡೋಕೆ ಅಂತ ಇಳಿಸಿ ಹಾಗೇ ಕಂಕುಳಲ್ಲಿ ಇಟ್ಟುಕೊಂಡು ನಡೆದಳಂತೆ. ಹಗ್ಗದ ಅಂಗಡಿಯವರ ಹೆಂಡತಿ ಇದನ್ನೆಲ್ಲ ಹೇಳುವಾಗ ನಗುತ್ತಿದ್ದಳು. ನನಗೂ ಖುಷಿಯಾಯಿತು, ಸುಳ್ಳೇಕೆ. ಅವ್ವ ಮಾತ್ರ "ಪಾಪ" ಅಂದಳು. ಯಾರಿಗೆ ಪಾಪ ಅಂತ ಹೇಳಲಿಲ್ಲ.

ಗೌರಿ ಹಬ್ಬ ಬಂತು. ರುದ್ರಣ್ಣ ಬರುವುದಿಲ್ಲ ಅಂದುಕೊಂಡಿದ್ದೆ. ಬಂದ. ಹಿಂದಿನ ದಿನ ಮಧ್ಯಾಹ್ನ ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ, ಕೈಚೀಲ ಹಿಡಿದು, ಪ್ರತಿ ವರ್ಷದ ಹಾಗೆ "ಏನವ್ವ ಚೆನ್ನಾಗಿದ್ದೀಯಾ" ಅನ್ನುತ್ತ ಒಳಗೆ ಹೆಜ್ಜೆ ಇಡುವುದಕ್ಕೂ ಅವ್ವ ಹೊಸಿಲಿಗೆ ಬರುವುದಕ್ಕೂ ಸರಿಹೋಯಿತು. "ಬನ್ನಿ, ಕೂತ್ಕಳಿ" ಅಂದಳು. ಎಂದೂ ಅವನಿಗೆ ಬನ್ನಿ ಅಂದವಳಲ್ಲ. ಅಂದು ಜಗಲಿಯ ಮೇಲೆ ಚಾಪೆ ಹಾಸಿದಳು. ಅವನು ಚಾಪೆ ನೋಡಿದ, ಒಳಗೆ ಹೊಗೆಯಾಡುತ್ತಿದ್ದ ಅಡುಗೆಮನೆಯ ಕಡೆ ನೋಡಿದ, ನನ್ನನ್ನು ನೋಡಿದ. ನಾನು ಕಂಬದ ಹಿಂದಕ್ಕೆ ಸರಿದೆ. ಮೆಲ್ಲಗೆ ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತ.

ಅವ್ವ ಊಟಕ್ಕೆ ಕಡಿಮೆ ಮಾಡಲಿಲ್ಲ. ಎಲೆ ಹಾಕಿದಳು, ಕಡುಬು, ತುಪ್ಪ, ಕೋಸಂಬರಿ, ಎಲ್ಲ ಬಡಿಸಿದಳು. ಇನ್ನೂ ಸ್ವಲ್ಪ ಹಾಕಲಾ ಅಂತ ಕೇಳಿದಳು, ಬೇಕೆಂದದ್ದು ಹಾಕಿದಳು. ಪಂಚನಹಳ್ಳಿಯ ಸುದ್ದಿ ಅವನು ತಂದಿದ್ದನೋ ಏನೋ, ಯಾರೂ ಕೇಳಲಿಲ್ಲ. ಉಂಡಾದ ಮೇಲೆ ಅವನು ಚೀಲದಿಂದ ಅರಿಶಿನ ಕುಂಕುಮದ ಪೊಟ್ಟಣ ತೆಗೆದ. ಮುತ್ತೈದೆ ಅದನ್ನು ಬೇಡ ಅನ್ನಬಾರದು. ಅವ್ವ ಸೆರಗೊಡ್ಡಿ ತೆಗೆದುಕೊಂಡಳು, ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಕಣ ತೆಗೆದ. ಹಸಿರು ಬಣ್ಣದ್ದು, ಕೆಂಪಂಚು. ಅವ್ವ ಕೈ ಚಾಚಲಿಲ್ಲ. "ಅದು ನಿಮ್ಮ ತಂಗೀರಿಗೆ ಯಾರಿಗಾದ್ರೂ ಕೊಡಿ" ಅಂದಳು. ಅವನು ಕಣವನ್ನು ಮಡಿಸಿ ಮಡಿಸಿ ಚಿಕ್ಕದು ಮಾಡಿ ಚೀಲದೊಳಗೆ ಇಟ್ಟ. ಆಮೇಲೆ ಬಹಳ ಹೊತ್ತು ಸೈಕಲ್ಲಿನ ಹತ್ತಿರ ನಿಂತು ಸರಪಳಿ ಸರಿಮಾಡುವ ಹಾಗೆ ಮಾಡುತ್ತಿದ್ದ, ಸರಪಳಿ ಸರಿಯಾಗೇ ಇತ್ತು. ಮತ್ತೆ ಅವನು ನಮ್ಮ ಮನೆಗೆ ಬರಲಿಲ್ಲ. ಅವ್ವನಿಗೆ ಮತ್ತೆ ಯಾರೂ ತವರಿನವರು ಆಗಲಿಲ್ಲ.

ನನ್ನ ಮದುವೆಯ ಹೊತ್ತಿಗೆ ಮನೆ ಪಾಲಾಗಿತ್ತು. ದೊಡ್ಡಪ್ಪ ಆಡಿದ ಮಾತು ಉಳಿಸಿಕೊಂಡರು, ಪಾತ್ರೆ ಮಾಡಿಸಿದರು, ಎಲ್ಲ ಸ್ಟೀಲು. ಬಿಂದಿಗೆಯನ್ನು ಕಿರುಬೆರಳಲ್ಲಿ ಎತ್ತಬಹುದಿತ್ತು. ತಟ್ಟೆಗೆ ತಟ್ಟಿದರೆ ಟಪ್ ಅಂದು ಸುಮ್ಮನಾಗುತ್ತಿತ್ತು. ನಾನು ತರೀಕೆರೆಗೆ ಸೊಸೆಯಾಗಿ ಬಂದೆ. ಆ ತಟ್ಟೆಯಲ್ಲಿ ಉಂಡ ನನ್ನ ಮನೆಯಲ್ಲಿ ಏರುದನಿಗೇನೂ ಕಡಿಮೆ ಇರಲಿಲ್ಲ. ಅದರಲ್ಲಿ ಅರ್ಧ ನನ್ನದೇ. ಈಗ ಅಜ್ಜಂಪುರದ ಆ ಮೂಲೆಯಲ್ಲಿ ಮೊಬೈಲು ಮಾರುತ್ತಾರೆ. ಗೋಡೆಯ ರಾಣಿ ಯಾವ ಗುಜರಿಗೆ ಹೋದಳೋ. ನಮ್ಮೂರ ಮನೆಯೂ ಇಲ್ಲ, ಜಗಲಿಯೂ ಇಲ್ಲ. ಇದ್ದದ್ದೆಲ್ಲ ಹೋಯಿತು ಅಂತ ನೀವೂ ನಿಮ್ಮ ನಿಮ್ಮ ಊರು ನೆನೆಸಿಕೊಂಡು ಹೊಟ್ಟೆ ಉರಿಸಿಕೊಳ್ಳುತ್ತೀರಿ, ಗೊತ್ತು. ನನಗೆ ಹೊಟ್ಟೆ ಉರಿಯುವುದು ಅವು ಹೋದದ್ದಕ್ಕಲ್ಲ. ಅವು ಇದ್ದಾಗಲೇ ನಮ್ಮದಾಗಿರಲಿಲ್ಲವಲ್ಲ ಅನ್ನುವುದಕ್ಕೆ. ಆ ಮನುಷ್ಯ ಕಳ್ಳನಾಗಿದ್ದರೆ ಎಂದೋ ಮರೆತುಬಿಡುತ್ತಿದ್ದೆ. ಅವನು ಕಳ್ಳನಲ್ಲ. ಒಲೆಯ ಮುಂದೆ ಕೂತು ರೊಟ್ಟಿ ತಿಂದವನು, ಒಬ್ಬ ಗಂಡಸು ಬಂದು ನಮ್ಮನೆದು ಅಂದ ಕೂಡಲೇ ತಂಗಿಯನ್ನು ಮರೆತ, ಮರೆತೆ ಅಂತ ಅವನಿಗೆ ಗೊತ್ತೂ ಆಗಲಿಲ್ಲ. ನಾನಂತೂ ಅವನನ್ನು ಕ್ಷಮಿಸಿಲ್ಲ.

ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆ ತರೀಕೆರೆಯಲ್ಲೇ ಇದ್ದಳು. ಒಂದು ಪುಷ್ಯ ಮಾಸದ ಬೆಳಿಗ್ಗೆ ಅಜ್ಜಂಪುರದ ಕಡೆಯಿಂದ ಬಂದ ನೆಂಟರೊಬ್ಬರು ಕಾಫಿ ಕುಡಿಯುತ್ತ, ಪಾತ್ರೆ ಅಂಗಡಿ ರುದ್ರಣ್ಣ ತೀರಿಕೊಂಡ ಸುದ್ದಿ ಹೇಳಿದರು. ಅವ್ವ ಅವರೆಕಾಯಿ ಬಿಡಿಸುತ್ತಿದ್ದಳು. "ಯಾರು, ಅಂಗಡಿಯೋರಾ" ಅಂದು ಬಿಡಿಸುತ್ತಲೇ ಇದ್ದಳು. ತವರಿನವರು ತೀರಿಕೊಂಡ ಸುದ್ದಿ ಬಂದರೆ ಹೆಣ್ಣುಮಕ್ಕಳು ತಲೆಗೆ ನೀರು ಹಾಕಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ನಾನು ಹೋಗಿ ಬಚ್ಚಲ ಒಲೆ ಹಚ್ಚಿ ಹಂಡೆ ತುಂಬಿಸಿದೆ. ಹೊಗೆ ನೋಡಿ ಅವಳೇ ಬಂದಳು. "ಯಾರಿಗೇ ನೀರು?" ಅಂದಳು. ನಾನು ಇನ್ನೊಂದು ಸೌದೆ ಒಲೆಗೆ ತುರುಕಿದೆ. "ಅಂಗಡಿಯೋರು ಸತ್ರೆ ಯಾರೇ ತಲೆಗೆ ನೀರು ಹಾಕ್ಕೊಂತಾರೆ? ಸೌದೆ ಸುಮ್ನೆ ದಂಡ" ಅಂತ ಬೈದು ಹೋಗಿ ಮತ್ತೆ ಅವರೆಕಾಯಿಯ ಮುಂದೆ ಕೂತಳು. ನಾನೂ ಒಲೆ ಆರಿಸಲು ಹೋಗಲಿಲ್ಲ, ತಾನೇ ಆರಿಕೊಳ್ಳಲಿ ಅಂತ ಬಿಟ್ಟೆ.

ಹೊತ್ತು ಮುಳುಗುವಾಗ ನಾನು ಪೇಟೆಗೆ ಹೋಗಿ ಬಂದು ನೋಡಿದರೆ ಅವ್ವ ಹಿತ್ತಿಲ ಬಾಗಿಲಲ್ಲಿ ಕೂತಿದ್ದಳು. ಬಿಳಿ ಕೂದಲು ಬಿಚ್ಚಿ ಬೆನ್ನ ಮೇಲೆ ಹರಡಿತ್ತು, ತುದಿಯಿಂದ ನೀರು ತೊಟ್ಟಿಕ್ಕಿ ನೆಲ ಒದ್ದೆಯಾಗಿತ್ತು. ಹಂಡೆ ಖಾಲಿ.

"ಯಾಕವ್ವ, ಈ ಹೊತ್ನಾಗೆ ತಲೆಗೆ ನೀರು?" ಅಂದೆ.

"ಸೆಕೆ ಕಣೇ" ಅಂದಳು.

ಕೆಮ್ಮಣ್ಣುಗುಂಡಿಯ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು. ನಾನು ಒಣ ಬಟ್ಟೆ ತಂದು ಅವಳ ತಲೆ ಒರೆಸಿದೆ. ಒರೆಸಿ ಮುಗಿಯುವವರೆಗೂ ಅವಳ ತುಟಿಗಳು ನಡುಗುತ್ತಲೇ ಇದ್ದವು.